ಟೀಪಾಟ್ ತಿರುಗಿಸಿ, ಜಾತಕ ಓದಿ

ಲಂಡನ್‌ನ ಪೋರ್ಟೊಬೆಲ್ಲೊ ರಸ್ತೆಯ ಶನಿವಾರದ ಸಂತೆಯಲ್ಲಿ ಹಳೇ ಬೆಳ್ಳಿ ಟೀಪಾಟ್ ಒಂದು ಕಣ್ಣಿಗೆ ಬಿತ್ತು ಅಂದುಕೊಳ್ಳಿ. ಹೊಳಪಿಗೆ ಮರುಳಾಗಬೇಡಿ. ಮುಚ್ಚಳದ ಮೇಲೆ ಬೆರಳಿಟ್ಟು ತಲೆಕೆಳಗು ಮಾಡಿ. ಜಾತಕ ಇರುವುದು ತಳದಲ್ಲಿ ಒತ್ತಿದ ಪುಟ್ಟ ಮುದ್ರೆಗಳಲ್ಲಿ. ಓದೋಕೆ ಒಂದು ಭೂತಗನ್ನಡಿ ಸಾಕು.

ಮೊದಲು ಸಿಂಹ ಹುಡುಕಿ. ಮುಂಗಾಲೆತ್ತಿ ಎಡಕ್ಕೆ ನಡೆಯುವ ಪುಟ್ಟ ಸಿಂಹ. ಅದಿದ್ದರೆ ನೂರಕ್ಕೆ 92.5 ಪಾಲು ಬೆಳ್ಳಿ. 1544ರಿಂದ ಬಂದ ಗುರುತು ಇದು. 1697ರಿಂದ 1720ರವರೆಗಿನ ಪಾತ್ರೆಗಳಲ್ಲಿ ಸಿಂಹದ ಬದಲು ಬ್ರಿಟಾನಿಯಾ ಎಂಬ ಕುಳಿತ ಹೆಂಗಸಿನ ಚಿತ್ರ ಇರುತ್ತದೆ. ಆಗ ಬೆಳ್ಳಿ ಇನ್ನೂ ಜಾಸ್ತಿ, 95.8 ಪಾಲು. ಇದೆಲ್ಲ ಬಿಟ್ಟು ‘ಇಪಿಎನ್ಎಸ್’ ಎಂಬ ಇಂಗ್ಲಿಷ್ ಅಕ್ಷರಗಳು ಕಂಡರೆ ಅದು ಬರೀ ಬೆಳ್ಳಿ ಲೇಪನ. ಆ ನಾಲ್ಕಕ್ಷರವೇ ಅಕ್ಕಸಾಲಿಯ ಹೆಸರು ಅಂದುಕೊಂಡು ನಾನೊಮ್ಮೆ ಹೆಮ್ಮೆಯಿಂದ ಮನೆಗೆ ತಂದಿದ್ದೆ!

ಆಮೇಲೆ ಊರು. ಚಿರತೆ ಮುಖ ಇದ್ದರೆ ಲಂಡನ್. 1773ರಿಂದ ಬರ್ಮಿಂಗ್‌ಹ್ಯಾಮ್‌ಗೆ ಲಂಗರು, ಶೆಫೀಲ್ಡ್‌ಗೆ 1974ರವರೆಗೆ ಕಿರೀಟ. ಬರ್ಮಿಂಗ್‌ಹ್ಯಾಮ್ ಹತ್ತಿರ ಸಮುದ್ರವೇ ಇಲ್ಲ, ಆದರೂ ಲಂಗರು!

ಇಸವಿ ಕಂಡುಹಿಡಿಯುವುದೇ ಸ್ವಲ್ಪ ತಲೆನೋವು. ವರ್ಷಕ್ಕೊಂದು ಅಕ್ಷರ. ಲಂಡನ್‌ನಲ್ಲಿ ಹಿಂದೆ 20 ಅಕ್ಷರ ಮುಗಿದರೆ ಮತ್ತೆ ಮೊದಲಿಂದ, ಬೇರೆ ಬರಹದಲ್ಲಿ. ಹಾಗಾಗಿ ಬರೀ ಅಕ್ಷರ ನೋಡಿದರೆ ಸಾಲದು. ಅದರ ರೂಪ, ಸುತ್ತಲಿನ ಚೌಕಟ್ಟು ಎರಡನ್ನೂ ಪಟ್ಟಿಯೊಂದಿಗೆ ಹೋಲಿಸಿ. ಇಲ್ಲಿ ಆಗಿನ ರಾಜನ ಅಥವಾ ರಾಣಿಯ ತಲೆ ನೆರವಿಗೆ ಬರುತ್ತದೆ. ಬೆಳ್ಳಿ ಮೇಲೆ ತೆರಿಗೆ ಕಟ್ಟಿದ್ದಕ್ಕೆ 1784ರಿಂದ 1890ರವರೆಗೆ ಒತ್ತುತ್ತಿದ್ದ ಮುದ್ರೆ ಅದು. ಲಂಡನ್ ಪಾತ್ರೆಯಲ್ಲಿ ಮೂರನೇ ಜಾರ್ಜ್‌ನ ತಲೆಯ ಪಕ್ಕ ಸಣ್ಣಕ್ಷರದ ‘ಎಲ್’ ಇದ್ದರೆ 1786ರ ಮೇ ತಿಂಗಳಿಂದ ಮುಂದಿನ ಮೇವರೆಗಿನ ಮಾಲು.

ಕೊನೆಗೆ ಮಾಡಿದವರ ಗುರುತು. ಕೈಬರಹದಂತೆ ಬಳುಕುವ ‘ಎಚ್‌ಬಿ’ ಕಂಡರೆ ಅದು ಹೆಸ್ಟರ್ ಬೇಟ್‌ಮನ್ ಅವರದು. ಗಂಡ ತೀರಿಕೊಂಡ ಮೇಲೆ 1761ರಲ್ಲಿ ಸ್ವಂತ ಗುರುತು ನೋಂದಾಯಿಸಿ, 1790ರವರೆಗೆ ಲಂಡನ್‌ನ ಬನ್‌ಹಿಲ್ ರೋನಲ್ಲಿ ಕುಟುಂಬದ ಕಾರ್ಖಾನೆ ನಡೆಸಿದವರು. ಅವರ ಟೀಪಾಟ್‌ಗಳದ್ದು ತೆಳು ತಗಡು, ಮೊಟ್ಟೆಯಾಕಾರ, ನೆಟ್ಟಗಿನ ಮೂತಿ, ಅಂಚಿಗೆ ಸಾಲುಮಣಿ. ಪಾಲ್ ಡಿ ಲಾಮರಿ, ಪಾಲ್ ಸ್ಟಾರ್ ಇನ್ನೂ ದೊಡ್ಡ ಹೆಸರುಗಳು. ನನ್ನ ಕಣ್ಣಿಗೆ ಮಾತ್ರ ಬೇಟ್‌ಮನ್ ಅವರ ಸರಳತೆಯೇ ಚೆಂದ.

ದುಡ್ಡು ಕೊಡುವ ಮೊದಲು ಮುಚ್ಚಳದ ಒಳಗೂ ನೋಡಿ. ಅಲ್ಲೂ ಸಾಮಾನ್ಯವಾಗಿ ಸಿಂಹ, ಮಾಡಿದವರ ಗುರುತು ಇರುತ್ತವೆ. ಬೇರೆಯವರ ಗುರುತಿದ್ದರೆ ಮುಚ್ಚಳ ಬದಲಾಗಿರಬಹುದು. ಆಮೇಲೆ ಮೈಮೇಲೆ ಬಾಯಿಂದ ಹಬೆಯೂದಿ. ಒಂದು ಕ್ಷಣ ಮಂಜು ಕವಿಯುತ್ತದೆ. ಅಳಿಸಿದ ಹೆಸರು, ಬೆಸುಗೆ ಹಾಕಿದ ತೇಪೆ ಎಷ್ಟೋ ಸಲ ಆ ಮಂಜಿನಲ್ಲೇ ಕಾಣುತ್ತವೆ. ಮೂತಿಯ ಬುಡ, ಮುಚ್ಚಳದ ತಿರುಗಣಿ, ಹಿಡಿಕೆಯ ಸಂದು ಬಿಡಬೇಡಿ.

ಮನೆಗೆ ತಂದ ಮೇಲೆ ವಿಭೂತಿ ಹಾಕಿ ತಿಕ್ಕುವ ಆಸೆಯಾಗುತ್ತದೆ, ಅಲ್ವಾ? ಗುರುತುಗಳ ಹತ್ತಿರ ಕೈ ತಡೆಯಿರಿ. ಸವೆದ ಸಿಂಹ ಬೆಕ್ಕಿನ ಮರಿಯಂತೆ ಕಾಣುತ್ತದೆ. ಹಿಡಿಕೆ ಮರದ್ದಾದರೆ ನೀರಲ್ಲಿ ನೆನೆಹಾಕಬೇಡಿ, ಬಿರುಕು ಬಿಡುತ್ತದೆ.