ಜಾಗದ ವ್ಯವಹಾರಕ್ಕೆ ವರ್ಚುವಲ್ ಅಸಿಸ್ಟೆಂಟ್: ಯಾವ ಕೆಲಸ ಕೊಡಬೇಕು, ಯಾವುದು ಬೇಡ

ಹುಬ್ಬಳ್ಳಿ-ಧಾರವಾಡದ ಸುತ್ತ ಹೂಡಿಕೆಗೆ ಜಾಗ ಹುಡುಕುವವರ ಹೊತ್ತು ಹೋಗುವುದು ಹೆಚ್ಚಾಗಿ ಫೋನು ಮತ್ತು ಕಾಗದಪತ್ರದಲ್ಲಿ. ಮನೆಯಿಂದಲೇ ಕೆಲಸ ಮಾಡುವ ಸಹಾಯಕರಿಗೆ ಮೊದಲು ವಹಿಸಬೇಕಾದ್ದು ಇದನ್ನೇ.

ಏಜೆಂಟರು ವಾಟ್ಸಾಪ್‌ನಲ್ಲಿ ಕಳಿಸುವ ಪ್ರತಿ ಜಾಗಕ್ಕೂ ಶೀಟಿನಲ್ಲಿ ಒಂದು ಸಾಲು: ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ (ಸರ್ವೆ ನಂಬರಿನ ಒಳಭಾಗದ ಸಂಖ್ಯೆ), ವಿಸ್ತೀರ್ಣ, ಕೇಳಿದ ದರ. ಹಿಸ್ಸಾ ಇಲ್ಲದ ಸಾಲು ಮುಂದಕ್ಕೆ ಹೋಗಬಾರದು. 45/2ರ ಬದಲು 45/3 ಹಾಕಿದರೆ ಸರ್ಕಾರದ ಭೂದಾಖಲೆ ತಾಣವಾದ ಭೂಮಿ ಪೋರ್ಟಲ್ ತಪ್ಪೆನ್ನದೆ ಆ ಹಿಸ್ಸಾದ ಪಹಣಿಯನ್ನೇ (ಜಮೀನಿನ ಹಕ್ಕುದಾಖಲೆ) ತೋರಿಸುತ್ತದೆ. ಮುಂದಿನ ಪರಿಶೀಲನೆಯೆಲ್ಲ ಬೇರೆಯವರ ಜಮೀನಿನ ಮೇಲೆ ನಡೆದುಹೋಗುತ್ತದೆ. ಪಹಣಿಯ 9ನೇ ಕಾಲಂನಲ್ಲಿರುವ ಮಾಲೀಕರ ಹೆಸರು ಮಾರುವವರಿಗೆ ಹೊಂದುತ್ತದೆಯೇ, 11ರಲ್ಲಿ ಬ್ಯಾಂಕಿನ ಸಾಲ ಇದೆಯೇ, ಎರಡನ್ನೂ ಬರೆಸಿ. ಗುಂಟೆಗೆ 1,089 ಚದರಡಿ, ಎಕರೆಗೆ 40 ಗುಂಟೆ. ಈ ಸೂತ್ರ ಶೀಟಿನಲ್ಲೇ ಇರಲಿ, ಬಾಯಿಲೆಕ್ಕ ಬೇಡ.

ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ಅರ್ಜಿಯನ್ನು ಸಹಾಯಕರು ತಮ್ಮ ಲಾಗಿನ್‌ನಿಂದಲೇ ಹಾಕಲಿ. ಇಸಿ ನಮೂನೆ 16ರಲ್ಲಿ ಬಂತೆಂದರೆ ಹುಡುಕಿದ ಅವಧಿಯಲ್ಲಿ ನೋಂದಾಯಿತ ವ್ಯವಹಾರ ಸಿಗಲಿಲ್ಲ ಎಂದಷ್ಟೇ ಅರ್ಥ. ನೋಂದಣಿಯಾಗದ ಕರಾರು, ಅಣ್ಣತಮ್ಮಂದಿರ ಪಾಲಿನ ತಕರಾರು ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ಶೀಟಿನಲ್ಲಿ ‘ಕ್ಲಿಯರ್’ ಎಂದು ಬರೆಯುವ ಅಧಿಕಾರ ಸಹಾಯಕರಿಗೆ ಕೊಡಬೇಡಿ, ಅದನ್ನು ವಕೀಲರೇ ಹೇಳಬೇಕು.

ಮೊದಲ ವಾರ 10 ಜಾಗ ಮಾತ್ರ ಕೊಟ್ಟು, ಪ್ರತಿಯೊಂದನ್ನೂ ನೀವೇ ತಾಳೆ ನೋಡಿ. ಬ್ಯಾಂಕ್ ಒಟಿಪಿ ಹಂಚಬೇಡಿ. ಚೌಕಾಸಿ, ಮುಂಗಡ ನಿಮ್ಮ ಕೈಯಲ್ಲೇ ಇರಲಿ. ಸ್ಥಳಕ್ಕೂ ನೀವೇ ಹೋಗಿ. ಎರೆಹೊಲವಾದರೆ ಮಳೆ ಬಿದ್ದ ಮರುದಿನವೇ ಹೋಗಿ, ಬಂಡಿದಾರಿಯಲ್ಲಿ ಗಾಡಿ ಹೂತುಕೊಳ್ಳುತ್ತದೆಯೇ ನೋಡಿ.