ಕೆಂಪು ಕೊಂಡಿಯ ಕಾಟ ಕಳೆದದ್ದು: ನನ್ನ ಅನುಭವ

ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರುಗಳದ್ದೊಂದು ವಿಕಿ ನಡೆಸುತ್ತೇನೆ, ಬಾಗಲಕೋಟೆ ನವನಗರದ ನಮ್ಮ ಡಿಟಿಪಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು. ಸಾಫ್ಟ್‌ವೇರು ಮೀಡಿಯಾವಿಕಿ, ವಿಕಿಪೀಡಿಯ ಓಡುವುದೂ ಅದರಲ್ಲೇ. ಬರೆಯುವವರು ನಾಲ್ಕೈದು ಮಂದಿ, ಓದುವವರು ದಿನಕ್ಕೆ ಮುನ್ನೂರರ ಆಸುಪಾಸು. ಒಂದು ಊರಿನ ಪುಟ ಬರೆದರೆ ಅದರೊಳಗೆ ಹತ್ತು ಊರು, ಗುಡಿ, ಓಣಿ, ಸಂತೆ ಬರುತ್ತವೆ. ಎಲ್ಲದಕ್ಕೂ ಕೊಂಡಿ ಹಾಕುವುದು ನನ್ನ ಚಟ. ಪುಟ ಇದ್ದರೆ ಕೊಂಡಿ ನೀಲಿ, ಇನ್ನೂ ಬರೆಯದಿದ್ದರೆ ಕೆಂಪು. ಹಾಗಾಗಿ ಪುಟದ ತುಂಬ ಕೆಂಪು.

ನಮಗೆ ಆ ಕೆಂಪು ಅಂದರೆ ಬಾಕಿ ಕೆಲಸದ ಪಟ್ಟಿ. ಓದುವವರಿಗೆ ಹಾಗಲ್ಲ. ಝೆರಾಕ್ಸಿಗೆ ಬಂದ ಹಿರಿಯರೊಬ್ಬರು ಮೊಬೈಲು ನನ್ನ ಮುಂದೆ ಹಿಡಿದು, "ಅಲ್ಲೋ ತಮ್ಮಾ, ನಮ್ಮೂರ ಹೆಸರಷ್ಟ ಯಾಕ ಕೆಂಪ ಮಾಡಿ? ಮುಳುಗೇತಿ ಅಂತೇನು? ಬಾಜೂದ್ದೂ ಮುಳುಗೇತಿ, ಅದು ನೀಲಿ ಐತಿ. ಒತ್ತಿದರ ಇಲ್ಲಿ ಏನೂ ಇಲ್ಲ ಅಂತ ಬರತೈತಿ" ಅಂದರು. ಸ್ಪ್ಯಾಮಿನ ಕಾಟಕ್ಕೆ ಲಾಗಿನ್ ಇಲ್ಲದವರು ತಿದ್ದುವುದನ್ನು ಎಂದೋ ಬಂದ್ ಮಾಡಿದ್ದೆ. ಅವರು ಕೆಂಪು ಕೊಂಡಿ ಒತ್ತಿದರೆ ಮೀಡಿಯಾವಿಕಿ ಖಾಲಿ ಪುಟಕ್ಕೆ ತಂದು ನಿಲ್ಲಿಸುತ್ತದೆ. ಊರು ಕಳಕೊಂಡವರಿಗೆ ಆ ಖಾಲಿ ಪುಟ ತೋರಿಸುವುದು ನನಗೇ ಸರಿ ಕಾಣಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಬಣ್ಣ-ಅಲಂಕಾರದ ಫೈಲು ಕಾಮನ್ ಸಿಎಸ್‌ಎಸ್‌ನಲ್ಲಿ 'ನ್ಯೂ' ಕ್ಲಾಸಿನ (ಕೆಂಪು ಕೊಂಡಿಗೆ ಮೀಡಿಯಾವಿಕಿ ಹಚ್ಚುವ ಗುರುತು) ಕೊಂಡಿಯ ಬಣ್ಣ ಇನ್‌ಹೆರಿಟ್, ಅಂದರೆ ಸುತ್ತಲಿನ ಅಕ್ಷರದ್ದೇ; ಕ್ಲಿಕ್ ಬಂದ್. ಲಾಗಿನ್ ಆದವರಿಗಷ್ಟೇ ಹೋಗುವ ಗ್ರೂಪ್-ಯೂಸರ್ ಸಿಎಸ್‌ಎಸ್‌ನಲ್ಲಿ ನಮ್ಮವರಿಗೆ ಮತ್ತೆ ಕೆಂಪು. ಕಣ್ಣಿಗೆ ಚೆಂದ ಆಯಿತು. ಆದರೆ ಬಣ್ಣ ಹೋದರೂ ಕೊಂಡಿ ಪುಟದ ಮೂಲ ಕೋಡು ಎಚ್‌ಟಿಎಂಎಲ್‌ನಲ್ಲಿ ಹಾಗೇ ಇರುತ್ತದಲ್ಲ, ಕೊಂಡಿ ಹಿಡಿದು ಓಡಾಡುವ ಬಾಟ್ ಪ್ರೋಗ್ರಾಮುಗಳಿಗೆ ಸಿಎಸ್‌ಎಸ್ ಯಾವ ಲೆಕ್ಕ? ಲಾಗ್ ತೆಗೆದು ನೋಡಿದರೆ ಹೆಚ್ಚುಕಡಿಮೆ ಅರ್ಧ ಹಿಟ್‌ಗಳು 'ರೆಡ್‌ಲಿಂಕ್=1' ಇರುವ, ಅಂದರೆ ಕೆಂಪು ಕೊಂಡಿಯ ವಿಳಾಸಗಳಿಗೇ. ಹೋಸ್ಟಿಂಗಿನವರು ಲೋಡು ಜಾಸ್ತಿ ಆಗಿದೆ, ತಿಂಗಳಿಗೆ ಏಳುನೂರರ ಪ್ಲಾನು ಬಿಟ್ಟು ಸಾವಿರದೈನೂರರದ್ದಕ್ಕೆ ಬನ್ನಿ ಅಂದರು.

ಆಗ ಒಬ್ಬ ಫ್ರೀಲಾನ್ಸರನಿಗೆ ಆರು ಸಾವಿರ ಕೊಟ್ಟೆ. ಆತ ಲಿಂಕ್ ರೆಂಡರರ್ ಹುಕ್ಕಿನಲ್ಲಿ (ಕೊಂಡಿ ತಯಾರಾಗುವಾಗ ನಮ್ಮ ಕೋಡು ತೂರಿಸುವ ಜಾಗ) ಲಾಗಿನ್ ಇದೆಯೋ ಇಲ್ಲವೋ ನೋಡಿ, ಇಲ್ಲದಿದ್ದರೆ ಬರೀ ಅಕ್ಷರ ಕೊಡುವಂತೆ ಮಾಡಿದ. ಒಂದು ದಿನ ಚೆನ್ನಾಗಿ ನಡೆಯಿತು. ಮರುದಿನ ಅದೇ ಪುಟ ಬೆಳಿಗ್ಗೆ ಕೆಂಪು, ಮಧ್ಯಾಹ್ನ ಕಪ್ಪು. ಲಾಗಿನ್ ಆದ ನಾನು ಪುಟ ಉಳಿಸಿದರೆ ಊರಿಗೆಲ್ಲ ಕೆಂಪು. ಅನಾಮಿಕರು ಯಾರೋ ಮೊದಲು ತೆರೆದರೆ ನಮ್ಮವರಿಗೂ ಕೊಂಡಿ ಮಾಯ. ಗೊತ್ತಿದ್ದವರಿಗೆ ಇಷ್ಟು ಹೇಳಿದರೆ ಸಾಕು: ಪಾರ್ಸರ್ ಕ್ಯಾಶ್, ತಯಾರಾದ ಪುಟವನ್ನು ಎತ್ತಿಡುವ ಉಗ್ರಾಣ. ಮೊದಲ ಸಲ ತಯಾರಾದ ಎಚ್‌ಟಿಎಂಎಲ್ಲೇ ಆಮೇಲೆ ಎಲ್ಲರ ಎಲೆಗೂ. ಕ್ಯಾಶ್ ಆರಿಸಿ ನೋಡಿದೆ, ಒಂದೊಂದು ಪುಟಕ್ಕೆ ನಾಲ್ಕು ಸೆಕೆಂಡು. ಫ್ರೀಲಾನ್ಸರ ಫೋನ್ ಎತ್ತುವುದು ಬಿಟ್ಟ. ಬೆಳಗಾವಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಗೆಳೆಯ, "ಕ್ಯಾಶ್ ಇಟ್ಕೊಂಡು ಇದು ಆಗಂಗಿಲ್ಲ, ಬಿಡಪಾ ದೋಸ್ತ" ಅಂದ.

ಆಯಿತು. ನಾನೇ ಮಾಡಿದೆ, ಹತ್ತನೇ ಕ್ಲಾಸಿನಲ್ಲಿ ಗಣಿತಕ್ಕೆ ಮೂವತ್ತೆಂಟು ತಗೊಂಡ ನಾನು. ಕ್ಯಾಶಿನೊಳಗೆ ಎಲ್ಲರಿಗೂ ಕೆಂಪೇ ಇರಲಿ ಬಿಟ್ಟೆ. ಅಲ್ಲಿಂದ ಹೊರಬಂದ ಮೇಲೆ, ಪುಟ ಓದುಗರ ಕೈಗೆ ಹೋಗುವ ಮುಂಚೆ, ಔಟ್‌ಪುಟ್‌ಪೇಜ್‌ಬಿಫೋರ್‌ಎಚ್‌ಟಿಎಂಎಲ್ ಅನ್ನುವ ಹುಕ್ಕು ಸಿಗುತ್ತದೆ. ಪುಟ ತೆರೆದ ಪ್ರತಿ ಸಲವೂ ಅದು ಓಡುತ್ತದೆ. ಅಲ್ಲಿ ಲಾಗಿನ್ ಇಲ್ಲದಿದ್ದರೆ 'ನ್ಯೂ' ಕ್ಲಾಸಿನ ಆ್ಯಂಕರ್ ಟ್ಯಾಗ್ (ಕೊಂಡಿ) ಕಿತ್ತು ಸ್ಪ್ಯಾನ್ (ಬರೀ ಅಕ್ಷರ) ಕೂರಿಸುವುದು. ವಿಕಿಯ ಸೆಟ್ಟಿಂಗ್ ಫೈಲು ಲೋಕಲ್‌ಸೆಟ್ಟಿಂಗ್ಸ್‌ನಲ್ಲಿ ಇಪ್ಪತ್ತು ಸಾಲೂ ಇಲ್ಲ. ಕೊಂಡಿಯೊಳಗೆ ದಪ್ಪಕ್ಷರ ಇದ್ದಾಗಲೂ ತಪ್ಪದ ರೆಗ್ಯುಲರ್ ಎಕ್ಸ್‌ಪ್ರೆಶನ್ (ಕೊಂಡಿ ಹುಡುಕುವ ಸೂತ್ರ) ಮಾತ್ರ ಇಲ್ಲಿ ಕೊಡುವುದಿಲ್ಲ, ಅದಕ್ಕೆ ಆರು ರಾತ್ರಿ ಕೂತಿದ್ದೇನೆ. ಎರಡು ಎಚ್ಚರಿಕೆ ಹೇಳಬಲ್ಲೆ. ಇಲ್ಲದ ಚಿತ್ರದ ಕೊಂಡಿಗೂ ಅದೇ ಕ್ಲಾಸು, ಆದರೆ ಅದು ಅಪ್‌ಲೋಡ್ ಪುಟಕ್ಕೆ ಹೋಗುತ್ತದೆ, ಬೇರೆ ನೋಡಿಕೊಳ್ಳಬೇಕು. ಮೇಲಿನ ಚರ್ಚೆ ಟ್ಯಾಬ್ ಸ್ಕಿನ್ನಿನದ್ದು (ಪುಟದ ಸುತ್ತಲ ಚೌಕಟ್ಟು), ಈ ಹುಕ್ಕಿಗೆ ಸಿಗುವುದಿಲ್ಲ; ಅದಕ್ಕೆ ನಾನು ಸಿಎಸ್‌ಎಸ್ಸನ್ನೇ ಉಳಿಸಿಕೊಂಡೆ.

ಗೆಳೆಯನಿಗೆ ಎರಡು ಬ್ರೌಸರಿನ ಸ್ಕ್ರೀನ್‌ಶಾಟ್ ಅಕ್ಕಪಕ್ಕ ಇಟ್ಟು ಕಳಿಸಿದೆ. ಹೆಬ್ಬೆರಳೊಂದು ಬಂತು, ಮಾತಿಲ್ಲ. ಬಾಟ್‌ಗಳ ಹಿಟ್ ಮೂರ್ನಾಲ್ಕು ವಾರದಲ್ಲಿ ಇಳಿಯಿತು, ಪ್ಲಾನು ಏಳುನೂರರದ್ದೇ ಉಳಿಯಿತು.

ಇದರ ನಡುವೆ ಇನ್ನೊಂದು ಸಿಕ್ಕಿತು. ಬೇಕಾದ ಪುಟಗಳ (ಕೊಂಡಿ ಇದ್ದೂ ಇನ್ನೂ ಬರೆಯದ ಪುಟಗಳ) ಪಟ್ಟಿ ತೆಗೆದಾಗ ಸುಮಾರು ಎರಡು ಸಾವಿರ ಹೆಸರು. ಅದರಲ್ಲಿ ನಾಲ್ಕುನೂರಕ್ಕೆ ಪುಟ ಮೊದಲೇ ಇತ್ತು! 'ಹಳೇ ಬಸ್ ಸ್ಟ್ಯಾಂಡ್' ಅಂತ ಇಬ್ಬರೂ ಬರೆದಿದ್ದಾರೆ, ಒಬ್ಬರ ಕೀಬೋರ್ಡು 'ಡ್' ಆದಮೇಲೆ ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ (ಅಕ್ಷರಗಳು ಕೂಡದಂತೆ ತಡೆಯುವ ಚಿಹ್ನೆ) ಸೇರಿಸಿದೆ. ನಮಗೆ ಒಂದೇ ಹೆಸರು, ಮೀಡಿಯಾವಿಕಿಗೆ ಎರಡು. ಕನ್ನಡ ವಿಕಿ ನಡೆಸುವವರು ಮೊದಲು ಇದನ್ನು ತೊಳೆಯಿರಿ.

ಕೊಂಡಿ ಕಿತ್ತ ಜಾಗದಲ್ಲಿ ಸಣ್ಣ ಚುಕ್ಕೆ ಗೆರೆ ಕೊಟ್ಟೆ. ಒತ್ತಿದರೆ ನಮ್ಮ ವಾಟ್ಸಾಪ್ ತೆರೆಯುತ್ತದೆ, ಊರಿನ ಹೆಸರು ಮೊದಲೇ ತುಂಬಿರುತ್ತದೆ. ಮೊದಲ ತಿಂಗಳು ಅರವತ್ತು ಸಂದೇಶ ಬಂದಿರಬೇಕು, ಅರ್ಧಕ್ಕರ್ಧ ಬರೀ ಶುಭೋದಯ. ಆ ಹಿರಿಯರದ್ದೇ ಏಳು ಧ್ವನಿ ಸಂದೇಶ, ಎಲ್ಲ ಸೇರಿ ನಲವತ್ತು ನಿಮಿಷ: ಅಗಸಿ ಬಾಗಿಲು, ಹೊಳೆದಂಡಿಯ ಪೇರಲ ತೋಟ, ಯಾರ ಮನೆ ಆದಮೇಲೆ ಯಾರ ಮನೆ. ಇನ್ನೂ ಟೈಪ್ ಮಾಡಿಲ್ಲ. ಅವರ ಊರು ನನ್ನ ಪರದೆಯಲ್ಲಿ ಇವತ್ತಿಗೂ ಕೆಂಪೇ.