ಬೈಕ್ ಎಂಜಿನ್‌ಗೆ ಪೌಡರ್ ಕೋಟಿಂಗ್: ಬಣ್ಣವೂ ನಿಲ್ಲಬೇಕು, ಬಿಸಿಯೂ ಹೊರಗೆ ಹೋಗಬೇಕು

ಹಳೆಯ ಬುಲೆಟ್, ಯೆಜ್ಡಿ, ಆರ್‌ಎಕ್ಸ್ 100 ಗಾಡಿಗಳನ್ನು ಪೂರ್ತಿ ಬಿಚ್ಚಿ ಹೊಸದು ಮಾಡಿಸುವ ಆಸೆ ಹುಬ್ಬಳ್ಳಿ-ಧಾರವಾಡದಲ್ಲಿ ಬಹಳ ಮಂದಿಗೆ ಇದೆ. ಚಾಸಿಗೆ ಪೌಡರ್ ಕೋಟಿಂಗ್ (ಬಣ್ಣದ ಪುಡಿಯನ್ನು ಗನ್ನಿನಿಂದ ಹೊಡೆದು ಓವನ್‌ನಲ್ಲಿ ಬೇಯಿಸಿ ಕೂರಿಸುವುದು) ಮಾಡಿಸಲು ಯಾರಿಗೂ ಅಳುಕಿಲ್ಲ. ಎಂಜಿನ್ ಮಾತು ಬಂದರೆ ಮಾತ್ರ ಗ್ಯಾರೇಜಿನಲ್ಲಿ ವಾದ ಶುರುವಾಗುತ್ತದೆ. 'ಬ್ಯಾಡ್ರಿ, ಬಿಸಿ ಹೊರಗ ಹೋಗಂಗಿಲ್ಲ, ಎಂಜಿನ್ ಸೀಜ್ ಆಗ್ತದ' ಎನ್ನುವವರೇ ಜಾಸ್ತಿ.

ಈ ಭಯಕ್ಕೆ ಅರ್ಧ ಆಧಾರವಿದೆ. ತೆಳುವಾಗಿ ಒಂದೇ ಪದರ ಹಾಕಿಸಿದರೆ ಎಂಜಿನ್ ಅತಿಯಾಗಿ ಕಾಯುವುದಿಲ್ಲ. ಎಂಜಿನ್ ಹಾಳಾಗುವುದು ದಪ್ಪ ಪದರದಿಂದ, ಬಣ್ಣ ಹೋಗಬಾರದ ಜಾಗಕ್ಕೆ ಹೋದದ್ದರಿಂದ ಮತ್ತು ಅವಸರದ ತಯಾರಿಯಿಂದ.

ಮೊದಲು ಬಿಸಿಯ ಲೆಕ್ಕ

ಪೌಡರ್ ಎಂದರೆ ಪ್ಲಾಸ್ಟಿಕ್ಕಿನ ಜಾತಿ. ಅಲ್ಯೂಮಿನಿಯಂಗೆ ಹೋಲಿಸಿದರೆ ಅದು ಬಿಸಿಯನ್ನು ಸಾಗಿಸುವುದು ಸುಮಾರು 500 ಪಟ್ಟು ಕಡಿಮೆ. ಇದನ್ನು ಕೇಳಿದರೆ ಯಾರಿಗಾದರೂ ಹೆದರಿಕೆಯೇ. ಆದರೆ ಪದರದ ದಪ್ಪ ನೋಡಿ: 60ರಿಂದ 100 ಮೈಕ್ರಾನ್. ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಮೀರುವುದಿಲ್ಲ. ಬಿಸಿಗೆ ನಿಜವಾದ ಅಡ್ಡಿ ಇರುವುದು ಲೋಹದಿಂದ ಗಾಳಿಗೆ ದಾಟುವ ಕಡೆ. ಆ ಅಡ್ಡಿಯ ಮುಂದೆ 75 ಮೈಕ್ರಾನ್ ಪದರದ ಅಡ್ಡಿ ನೂರಕ್ಕೆ ಒಂದೆರಡು ಪಾಲು ಅಷ್ಟೆ. ಓಡುವ ಗಾಡಿಯಲ್ಲಿ ಲೋಹದ ಬಿಸಿ ಒಂದೆರಡು ಡಿಗ್ರಿ ಏರಬಹುದು.

ಚೆನ್ನಮ್ಮ ಸರ್ಕಲ್‌ನ ಟ್ರಾಫಿಕ್‌ನಲ್ಲಿ ನಿಂತಾಗ ಲೆಕ್ಕ ಬದಲಾಗುತ್ತದೆ. ಗಾಳಿ ಆಡುವುದಿಲ್ಲ. ಆಗ ಎಂಜಿನ್ ತನ್ನ ಬಿಸಿಯ ಒಳ್ಳೆಯ ಪಾಲನ್ನು ಕಿರಣವಾಗಿ ಹೊರಗೆ ಚೆಲ್ಲಬೇಕು. ಹೊಳೆಯುವ ಬರೀ ಅಲ್ಯೂಮಿನಿಯಂ ಈ ಕೆಲಸದಲ್ಲಿ ತೀರಾ ಹಿಂದೆ. ಬಣ್ಣ ಬಳಿದ ಮೈ ಎಷ್ಟೋ ಪಟ್ಟು ಮುಂದೆ. ಅಂದರೆ ನಿಂತ ಗಾಡಿಗೆ ಕೋಟಿಂಗ್ ಸ್ವಲ್ಪ ಸಹಾಯವನ್ನೇ ಮಾಡುತ್ತದೆ. ಅದಕ್ಕೆ ಕಪ್ಪೇ ಬೇಕು ಅಂತಿಲ್ಲ. ಈ ವಿಷಯದಲ್ಲಿ ಬಿಳಿಯೂ ಕಪ್ಪೂ ಹೆಚ್ಚುಕಡಿಮೆ ಒಂದೇ. ಆದರೆ ಒಂದು ಫಿನ್ (ಬಿಸಿ ಆರಲೆಂದು ಸಿಲಿಂಡರ್ ಸುತ್ತ ಇರುವ ತೆಳು ರೆಕ್ಕೆ) ಚೆಲ್ಲಿದ ಕಿರಣವನ್ನು ಎದುರಿನ ಫಿನ್ನೇ ಹೀರಿಕೊಳ್ಳುವುದರಿಂದ ಈ ಲಾಭ ಸಿಗುವುದು ಮುಖ್ಯವಾಗಿ ಹೊರ ಅಂಚುಗಳಲ್ಲಿ.

ಇಲ್ಲಿ ನಮ್ಮ ಕಡೆಯ ಒಂದು ಮಾತು ಹೇಳಲೇಬೇಕು. ಮಳೆಗಾಲದಲ್ಲಿ ನವಲಗುಂದ, ಗದಗ ಕಡೆ ಹೊಲದ ದಾರಿಯಲ್ಲಿ ಓಡಿಸಿದರೆ ಫಿನ್‌ಗಳ ನಡುವೆ ಎರೆಮಣ್ಣು ಮೆತ್ತುತ್ತದೆ. ಒಣಗಿದ ಮೇಲೆ ಸುಲಭಕ್ಕೆ ಬಿಡುವುದಿಲ್ಲ. ಎರಡು ಮಿಲಿಮೀಟರ್ ಮಣ್ಣು ಎಂದರೆ 2000 ಮೈಕ್ರಾನ್! ಗಾಳಿಯ ದಾರಿಯೂ ಬಂದ್. ಕೋಟಿಂಗ್‌ಗೆ ಹೆದರುವವರು ಮೊದಲು ಈ ಮಣ್ಣು ತೊಳೆಯಲಿ.

ಯಾವುದಕ್ಕೆ ಹಾಕಿಸಬಹುದು?

ಕ್ಲಚ್ ಕವರ್, ಮ್ಯಾಗ್ನೆಟ್ ಕವರ್, ಟ್ಯಾಪೆಟ್ ಕವರ್ ಇವಕ್ಕೆ ಧೈರ್ಯವಾಗಿ ಹಾಕಿಸಿ. ಹಳೆಯ ಬುಲೆಟ್‌ನ ಬೀಡುಕಬ್ಬಿಣದ ಸಿಲಿಂಡರ್‌ಗೂ ಒಳ್ಳೆಯದು, ತುಕ್ಕು ತಡೆಯುತ್ತದೆ. ಸಿಲಿಂಡರ್ ಹೆಡ್‌ಗೆ ಮಾತ್ರ ನಾನು ಬೇಡ ಎನ್ನುತ್ತೇನೆ. ಸೈಲೆನ್ಸರ್ ಪೈಪ್ ಕೂರುವ ಜಾಗದಲ್ಲಿ ಬಿಸಿ ತುಂಬಾ ಏರುತ್ತದೆ, ಸಾಮಾನ್ಯ ಪಾಲಿಯೆಸ್ಟರ್ ಪೌಡರ್ ಅಲ್ಲಿ ಬಣ್ಣಗೆಡುತ್ತದೆ. ಸಿಲಿಕೋನ್ ಆಧಾರದ ಹೈ ಟೆಂಪರೇಚರ್ ಪೌಡರ್ ಸಿಕ್ಕರೆ ಆ ಮಾತು ಬೇರೆ.

ಬಿಚ್ಚುವುದು, ತೊಳೆಯುವುದು

ಓವನ್‌ನಲ್ಲಿ ಬಿಸಿ 180ರಿಂದ 200 ಡಿಗ್ರಿ ಇರುತ್ತದೆ. ಸಾಮಾನ್ಯ ರಬ್ಬರ್ ಆಯಿಲ್ ಸೀಲ್ ಅದನ್ನು ತಡೆಯುವುದಿಲ್ಲ. ಸೀಲ್, ಓ ರಿಂಗ್, ಬೇರಿಂಗ್, ಸ್ಟಡ್ ಎಲ್ಲವನ್ನೂ ತೆಗೆದೇ ಕೊಡಿ. ಗ್ರೀಸ್ ಮತ್ತು ಜಿಡ್ಡನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೆಗೆದು, ನಂತರ ಸೋಪಿನ ನೀರಿನಲ್ಲಿ ತೊಳೆಯಿರಿ. ಅಲ್ಯೂಮಿನಿಯಂಗೆ ಕಾಸ್ಟಿಕ್ ಸೋಡಾ ಮುಟ್ಟಿಸಬೇಡಿ, ಲೋಹವನ್ನೇ ತಿನ್ನುತ್ತದೆ. ಹಳೆಯ ಬಣ್ಣವನ್ನು ಬೆಂಕಿಯಲ್ಲಿ ಸುಡುವುದೂ ಬೇಡ, ಲೋಹ ಮೆತ್ತಗಾಗುತ್ತದೆ. ಪೇಂಟ್ ರಿಮೂವರ್ ಸಾಕು.

ಬ್ಲಾಸ್ಟಿಂಗ್‌ಗೆ, ಅಂದರೆ ಗಾಳಿಯ ರಭಸದಲ್ಲಿ ಸಣ್ಣ ಕಾಳು ಹೊಡೆದು ಮೈ ಸ್ವಚ್ಛ ಮಾಡುವುದಕ್ಕೆ, ಅಲ್ಯೂಮಿನಿಯಂ ಆದರೆ ಗ್ಲಾಸ್ ಬೀಡ್ (ಸಣ್ಣ ಗಾಜಿನ ಮಣಿ) ಕೇಳಿ. ಅದಕ್ಕೂ ಮೊದಲು ಆಯಿಲ್ ಹೋಗುವ ರಂಧ್ರ, ಸಿಲಿಂಡರ್ ಬೋರ್ (ಪಿಸ್ಟನ್ ಓಡಾಡುವ ಒಳಮೈ), ಬೇರಿಂಗ್ ಕೂರುವ ಜಾಗ ಎಲ್ಲ ಮುಚ್ಚಿರಬೇಕು. ಒಳಗೆ ಉಳಿದ ಒಂದು ಚಿಟಿಕೆ ಕಾಳು ಸಾಕು, ಪಿಸ್ಟನ್ನೂ ಬೋರೂ ಗೀರಿಹೋಗುತ್ತವೆ. ಬ್ಲಾಸ್ಟಿಂಗ್ ಆದ ಮೇಲೆ ಪ್ರತಿ ರಂಧ್ರಕ್ಕೂ ನೀರು ಹಾಯಿಸಿ, ಗಾಳಿ ಹೊಡೆಸಿ, ಟಾರ್ಚ್ ಹಿಡಿದು ನೋಡಿ.

ಎರಕದ ಭಾಗಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ತೂತುಗಳಿರುತ್ತವೆ. ವರ್ಷಗಟ್ಟಲೆ ಕುಡಿದ ಎಣ್ಣೆ ಅಲ್ಲೇ ಇರುತ್ತದೆ. ಓವನ್‌ನಲ್ಲಿ ಅದು ಆವಿಯಾಗಿ ಮೇಲೆದ್ದು ಬಣ್ಣದಲ್ಲಿ ಗುಳ್ಳೆ ಎಬ್ಬಿಸುತ್ತದೆ. ಹಾಗಾಗಿ ಪೌಡರ್ ಹೊಡೆಯುವ ಮೊದಲೇ ಖಾಲಿ ಭಾಗವನ್ನು ಕೋಟಿಂಗ್ ಬಿಸಿಗಿಂತ ಸ್ವಲ್ಪ ಜಾಸ್ತಿ ಬಿಸಿಯಲ್ಲಿ ಅರ್ಧ ಗಂಟೆ ಇಡಿಸಿ. ಎಣ್ಣೆ ಹೊರಬಂದರೆ ಒರೆಸಿ ಮತ್ತೊಮ್ಮೆ ಇಡಿಸಿ.

ಮುಚ್ಚುವ ಕೆಲಸ ನೀವೇ ಮಾಡಿ

ಇದನ್ನು ಅಂಗಡಿಯವರಿಗೆ ಬಿಡಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಪ್ಯಾಕಿಂಗ್ (ಗ್ಯಾಸ್ಕೆಟ್) ಕೂರುವ ಮೈ, ಥ್ರೆಡ್‌ಗಳು, ಡೋವೆಲ್ ಪಿನ್ ರಂಧ್ರ, ಅರ್ಥ್ ವೈರ್ ಬಿಗಿಯುವ ಜಾಗ, ಸಿಲಿಂಡರಿನ ಕೆಳಭಾಗ ಕ್ರ್ಯಾಂಕ್‌ಕೇಸ್‌ಗೆ ಇಳಿಯುವಲ್ಲಿ, ಎಲ್ಲಿಯೂ ಪೌಡರ್ ಬೀಳಬಾರದು. ಎಲ್ಲರೂ ಮರೆಯುವ ಜಾಗ ಒಂದಿದೆ: ನಟ್ಟು ಮತ್ತು ವಾಷರ್‌ನ ಅಡಿ. ಅಲ್ಲಿ ಪದರ ಇದ್ದರೆ ಬಿಸಿಗೆ ಮೆಲ್ಲಗೆ ಒತ್ತಿಕೊಂಡು ತೆಳುವಾಗುತ್ತದೆ, ಬಿಗಿ ಸಡಿಲವಾಗುತ್ತದೆ, ಎಣ್ಣೆ ಸೋರುತ್ತದೆ. ಕಾಗದದ ಮಾಸ್ಕಿಂಗ್ ಟೇಪ್ ಓವನ್‌ನಲ್ಲಿ ಸುಟ್ಟು ಅಂಟಿಕೊಳ್ಳುತ್ತದೆ. ಬಿಸಿ ತಡೆಯುವ ಟೇಪ್, ಸಿಲಿಕೋನ್ ಪ್ಲಗ್ ಬೇಕು. ಥ್ರೆಡ್‌ಗೆ ಹಳೆಯ ಬೋಲ್ಟ್ ಹಾಕಿದರೂ ನಡೆಯುತ್ತದೆ.

ಅಂಗಡಿಯಲ್ಲಿ ಏನು ಹೇಳಬೇಕು?

ಗೋಕುಲ ರಸ್ತೆಯಾಗಲಿ, ತಾರಿಹಾಳವಾಗಲಿ, ಕೋಟಿಂಗ್ ಅಂಗಡಿಗೆ ಬರುವ ಹೆಚ್ಚಿನ ಮಾಲು ತಗಡಿನದು: ಕಪಾಟು, ಪ್ಯಾನೆಲ್, ಗ್ರಿಲ್. ತಗಡು ಬೇಗ ಕಾಯುತ್ತದೆ. ದಪ್ಪ ಸಿಲಿಂಡರ್ ಹಾಗಲ್ಲ. 200 ಡಿಗ್ರಿಯಲ್ಲಿ 10 ನಿಮಿಷ ಎಂದರೆ ಲೋಹ 200 ಮುಟ್ಟಿದ ಮೇಲಿನ 10 ನಿಮಿಷ. ಓವನ್ ಬಾಗಿಲು ಹಾಕಿದಾಗಿನಿಂದ ಎಣಿಸಿದರೆ ಬಣ್ಣ ಹಸಿಯಾಗಿಯೇ ಉಳಿಯುತ್ತದೆ, ಪೆಟ್ರೋಲ್ ಬಿದ್ದರೆ ಏಳುತ್ತದೆ. ಭಾಗ ವಾಪಸ್ ತರುವಾಗ ಕಾಣದ ಮೂಲೆಯಲ್ಲಿ ಥಿನ್ನರ್ ಬಟ್ಟೆಯಿಂದ ಉಜ್ಜಿ ನೋಡಿ. ಮೆತ್ತಗಾಗಿ ಬಣ್ಣ ಬಟ್ಟೆಗೆ ಹತ್ತಿದರೆ ಬೆಂದಿಲ್ಲ ಎಂದರ್ಥ.

ಫಿನ್‌ಗಳ ವಿಷಯ ಇನ್ನೂ ಸೂಕ್ಷ್ಮ. ಪೌಡರ್ ಅಂಟುವುದು ವಿದ್ಯುತ್ತಿನ ಸೆಳೆತದಿಂದ. ಆ ಸೆಳೆತ ಅಂಚುಗಳಲ್ಲೇ ಜಾಸ್ತಿ, ಆಳವಾದ ಸಂದಿಗೆ ಪೌಡರ್ ಸುಲಭಕ್ಕೆ ಇಳಿಯುವುದಿಲ್ಲ. ಬುಡ ಕಾಣುತ್ತಿದೆ ಎಂದು ಮತ್ತೆ ಮತ್ತೆ ಹೊಡೆದರೆ ತುದಿಯಲ್ಲಿ 300 ಮೈಕ್ರಾನ್ ಕೂಡಿ, ಫಿನ್ ನಡುವಿನ ಜಾಗವೂ ಕಿರಿದಾಗುತ್ತದೆ. ಬಿಸಿ ನಿಜವಾಗಿ ಸಿಕ್ಕಿಕೊಳ್ಳುವುದು ಆಗಲೇ. ಗನ್ನಿನ ವೋಲ್ಟೇಜ್ ಇಳಿಸಿ ಸಂದಿಗೆ ನೇರವಾಗಿ ಹೊಡೆಯಲು ಹೇಳಿ. ಒಂದೇ ಪದರ, ಪುಟ್ಟಿ ಬೇಡ, ಮೇಲೆ ಕ್ಲಿಯರ್ ಕೋಟ್ ಬೇಡ. ಫಿನ್ ತೀರಾ ಆಳವಾಗಿದ್ದರೆ ಸಿಲಿಂಡರ್‌ಗೆ ಬಿಸಿ ತಡೆಯುವ ಎಂಜಿನ್ ಪೇಂಟ್ ತೆಳುವಾಗಿ ಹೊಡೆಸಿ, ಕವರ್‌ಗಳಿಗಷ್ಟೇ ಪೌಡರ್ ಹಾಕಿಸುವುದು ಮೇಲು.

ಜೋಡಿಸುವ ಮುನ್ನ

ಓವನ್‌ನಿಂದ ಬಂದ ಸಿಲಿಂಡರಿನ ಬೋರ್‌ನಲ್ಲಿ ಎಣ್ಣೆಯ ಪಸೆ ಇರುವುದಿಲ್ಲ. ಮಳೆಗಾಲದ ಗಾಳಿಗೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯಬಹುದು. ತಂದ ಕೂಡಲೇ ಎಂಜಿನ್ ಆಯಿಲ್ ಸವರಿ. ಸಿಲಿಕೋನ್ ಪ್ಲಗ್ ಕಿತ್ತು, ಪ್ಯಾಕಿಂಗ್ ಮೈಯ ಅಂಚಿನಲ್ಲಿ ಉಬ್ಬಿದ ಪದರವನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ. ಹೊಸ ಸೀಲ್, ಹೊಸ ಪ್ಯಾಕಿಂಗ್ ಹಾಕಿ, ಟಾರ್ಕ್ ರೆಂಚ್‌ನಲ್ಲೇ ಬಿಗಿಯಿರಿ. ಮೊದಲ ಸಲ ಚೆನ್ನಾಗಿ ಕಾದು ಪೂರ್ತಿ ಆರಿದ ಮೇಲೆ ಹೆಡ್ ನಟ್ಟುಗಳ ಬಿಗಿ ಮತ್ತೆ ನೋಡಿ. ಸೆಲ್ಫ್ ಸ್ಟಾರ್ಟ್ ಇರುವ ಗಾಡಿಯಲ್ಲಿ ಅದು ಎಳೆಯದಿದ್ದರೆ ಬ್ಯಾಟರಿಯನ್ನು ಬೈಯುವ ಮೊದಲು ಅರ್ಥ್ ವೈರ್ ಕೆಳಗೆ ಬಣ್ಣ ಉಳಿದಿದೆಯೇ ಎಂದು ಪರೀಕ್ಷಿಸಿ.